ಆಸಿಡ್ ಹಾಕಿ ಬೇಯಿಸಿದರೂ ಸಕ್ಕರೆ ಸಿಗುತ್ತಿಲ್ಲವೇ? ಎಲ್ಲಿ ತಪ್ಪಿದೆ ಅಂತ ಹುಡುಕುವುದು ಹೀಗೆ

ಹುಲ್ಲೋ, ಮರದ ಪುಡಿಯೋ, ಒಣಗಿದ ಕಾಂಡವೋ, ಯಾವುದಾದರೂ ಇರಲಿ, ಅದರ ನಾರನ್ನು ಒಡೆದು ಸಕ್ಕರೆ ತೆಗೆಯಲು ಹೊರಟಿದ್ದೀರಿ. ತೆಳು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ನೆನೆಸಿದ್ದೀರಿ, ಆಟೋಕ್ಲೇವ್‌ನಲ್ಲಿ (ಒತ್ತಡದ ಆವಿಯಲ್ಲಿ ಬೇಯಿಸುವ ಲ್ಯಾಬ್ ಪಾತ್ರೆ) ಬೇಯಿಸಿದ್ದೀರಿ, ಶೋಧಿಸಿ ಸಕ್ಕರೆ ಅಳೆದಿದ್ದೀರಿ. ಅಂಕಿ ನೋಡಿದರೆ ಅಂದುಕೊಂಡಿದ್ದರ ಅರ್ಧವೂ ಇಲ್ಲ. ಆಗ ಹೆಚ್ಚಿನವರು ಮಾಡುವುದು ಒಂದೇ: ಮುಂದಿನ ಸಲ ಆಸಿಡ್ ಜಾಸ್ತಿ, ಬಿಸಿ ಜಾಸ್ತಿ, ಹೊತ್ತು ಜಾಸ್ತಿ. ಶುರುವಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಸಕ್ಕರೆ ಇನ್ನೂ ಕಡಿಮೆಯಾಗುತ್ತಾ ಹೋಯಿತು.

ಸಕ್ಕರೆ ಕಡಿಮೆ ಅಂತ ಕಂಡರೆ ಅದಕ್ಕೆ ಮೂರು ದಾರಿ ಇರುತ್ತವೆ. ಒಂದು, ಅದು ನಾರಿನಿಂದ ಹೊರಗೇ ಬಂದಿಲ್ಲ. ಎರಡು, ಬಂದಿತ್ತು, ಬಿಸಿಯಲ್ಲಿ ಸೀದು ಬೇರೇನೋ ಆಗಿಹೋಯಿತು. ಮೂರು, ಫ್ಲಾಸ್ಕಿನಲ್ಲೇ ಇದೆ, ಆದರೆ ನೀವು ಅಳೆಯುವ ವಿಧಾನಕ್ಕೆ ಕಾಣುತ್ತಿಲ್ಲ. ಮೂರರಲ್ಲೂ ಬರುವ ಅಂಕಿ ಒಂದೇ ಥರ ಇರುತ್ತದೆ, ಮದ್ದು ಮಾತ್ರ ಪೂರ್ತಿ ಉಲ್ಟಾ. ಹಾಗಾಗಿ ಸಕ್ಕರೆ ಎಲ್ಲಿ ಹೋಯಿತು ಅಂತ ಗೊತ್ತಾಗುವ ತನಕ ಬಿಸಿಯ ಗುಂಡಿಯನ್ನು ದಯವಿಟ್ಟು ಮುಟ್ಟಬೇಡಿ.

ಹಿನ್ನೆಲೆ ಎರಡೇ ಮಾತಿನಲ್ಲಿ. ಗಿಡದ ನಾರಿನಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಹೆಣೆದುಕೊಂಡಿರುತ್ತವೆ. ಸೆಲ್ಯುಲೋಸ್ ಒಡೆದರೆ ಗ್ಲೂಕೋಸ್. ಹೆಮಿಸೆಲ್ಯುಲೋಸ್ ಒಡೆದರೆ ಹೆಚ್ಚಾಗಿ ಝೈಲೋಸ್, ಜೊತೆಗೆ ಅರಾಬಿನೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ಮತ್ತು ಒಂದಿಷ್ಟು ಅಸಿಟಿಕ್ ಆಸಿಡ್. ಲಿಗ್ನಿನ್‌ನಲ್ಲಿ ಸಕ್ಕರೆ ಇಲ್ಲ. ಹೆಮಿಸೆಲ್ಯುಲೋಸ್ ಬೇಗ ಬಿಟ್ಟುಕೊಡುತ್ತದೆ, ಸೆಲ್ಯುಲೋಸ್ ಹಟಮಾರಿ. ಮುಂದೆ ಬರುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಈ ಒಂದು ವ್ಯತ್ಯಾಸದಿಂದ ಹುಟ್ಟುವಂಥವು.

## ಮೊದಲು ಕಣ್ಣು, ಕೈ

ಯಾವಾಗಲೂ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ನಿಧಾನವಾಗಿ, ಕಲಕುತ್ತಾ, ತಣ್ಣೀರಿನ ತೊಟ್ಟಿಯಲ್ಲಿ ಇಟ್ಟುಕೊಂಡು. ಕಣ್ಣಿಗೆ ಪೂರ್ತಿ ಮುಚ್ಚುವ ಗಾಗಲ್ಸ್ ಬೇಕು, ಸಾದಾ ಕನ್ನಡಕ ಸಾಲದು. ತೆಳು ನೈಟ್ರೈಲ್ ಗ್ಲೌಸ್ ಗಟ್ಟಿ ಆಸಿಡ್ ಮುಂದೆ ಜಾಸ್ತಿ ಹೊತ್ತು ತಡೆಯುವುದಿಲ್ಲ, ಹನಿ ಬಿದ್ದ ಕೂಡಲೇ ಬಿಚ್ಚಿ ಬೇರೆ ಹಾಕಿಕೊಳ್ಳಿ. ಚರ್ಮಕ್ಕೆ ತಾಗಿದರೆ ಹರಿಯುವ ನೀರಿನಲ್ಲಿ 15–20 ನಿಮಿಷ ತೊಳೆಯಿರಿ. ಸೋಡಾ ಪುಡಿ ನೆಲಕ್ಕೆ ಚೆಲ್ಲಿದ ಆಸಿಡ್‌ಗೆ, ಮೈಗೆ ಅಲ್ಲ. ಕಣ್ಣಿಗೆ ಹಾರಿದರೆ ತೊಳೆಯುತ್ತಾ ಇರಿ, ಇನ್ನೊಬ್ಬರು ಆಸ್ಪತ್ರೆಗೆ ಹೊರಡುವ ಏರ್ಪಾಡು ಮಾಡಲಿ.

ಅಡುಗೆ ಮನೆಯ ಪ್ರೆಶರ್ ಕುಕ್ಕರ್‌ನಲ್ಲಿ ಮಾಡಿ ನೋಡೋಣ ಅಂತ ಯಾರಾದರೂ ಹೊರಟರೆ ತಡೆಯಿರಿ. ಅಲ್ಯೂಮಿನಿಯಂ ಆಸಿಡ್‌ನಲ್ಲಿ ಕರಗಿ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ, ಬಿಸಿಯಾದ ಪಾತ್ರೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಇಲ್ಲಿ ಬರುವ ಸಕ್ಕರೆ ನೀರು ತಿನ್ನುವುದಕ್ಕೂ ಅಲ್ಲ, ರುಚಿ ನೋಡುವುದಕ್ಕೂ ಅಲ್ಲ.

ಇನ್ನೊಂದು ಎಚ್ಚರಿಕೆಯನ್ನು ಯಾರೂ ಹೇಳಿಕೊಡುವುದಿಲ್ಲ: ಬೇಯಿಸಿ ಶೋಧಿಸಿದ ಮೇಲೆ ಉಳಿಯುವ ನಾರನ್ನು, ಅಂದರೆ ಚರಟವನ್ನು, ತೊಳೆಯದೇ ಓವನ್‌ಗೆ ಇಡಬೇಡಿ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಆಸಿಡ್ ಹೋಗುವುದಿಲ್ಲ. ನೀರು ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತಾ ನಾರನ್ನು ಇದ್ದಿಲು ಮಾಡುತ್ತದೆ. ತೂಕವೂ ಸುಳ್ಳು, ಓವನ್ನೂ ಹಾಳು.

## ದ್ರಾವಣ ತೆಳು ಚಹಾದ ಬಣ್ಣ, ನಾರು ಇದ್ದಂತೇ ಇದೆ, ಸಕ್ಕರೆ ಕಡಿಮೆ

ಇದು ಬೆಂದಿಲ್ಲ ಅನ್ನುವ ಲಕ್ಷಣ. ಚರಟವನ್ನು ಚೆನ್ನಾಗಿ ತೊಳೆದು ಬೆರಳ ನಡುವೆ ಉಜ್ಜಿ ನೋಡಿ. ಸರಿಯಾಗಿ ಬೆಂದದ್ದು ಒದ್ದೆ ಮರಳಿನ ಹಾಗೆ ಪುಡಿಪುಡಿಯಾಗಿ ಜಾರುತ್ತದೆ. ಬೇಯದ್ದು ಎಳೆ ಎಳೆಯಾಗಿ ಬೆರಳಿಗೆ ಸುತ್ತಿಕೊಳ್ಳುತ್ತದೆ, ಎಳೆದರೆ ತಡೆಯುತ್ತದೆ. ಖರ್ಚಿಲ್ಲದ ಪರೀಕ್ಷೆ, ಒಂದು ನಿಮಿಷ ಸಾಕು. ನನಗೆ ಬಹಳ ಸಲ ಮೀಟರ್‌ಗಿಂತ ಮೊದಲೇ ಉತ್ತರ ಕೊಟ್ಟಿದೆ.

ಆಮೇಲೆ ಪಿಎಚ್ ಪೇಪರ್. ಪಿಎಚ್ ಅಂಕಿ ಇಳಿದಷ್ಟೂ ಆಸಿಡ್ ಜಾಸ್ತಿ ಅಂತ ಅರ್ಥ. ಶೇ 1ರ ಸಲ್ಫ್ಯೂರಿಕ್ ಆಸಿಡ್ ತಣ್ಣಗಿರುವಾಗ ಪಿಎಚ್ 1ರ ಹತ್ತಿರ ಇರಬೇಕು. ನಾರು ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದಾಗ 2ರ ಮೇಲೆ ಹೋಗಿದ್ದರೆ, ನೀವು ಹಾಕಿದ ಆಸಿಡ್ ಅನ್ನು ನಾರಿನ ಬೂದಿಯಂಶವೂ ಅದಕ್ಕೆ ಅಂಟಿಕೊಂಡ ಮಣ್ಣೂ ತಿಂದುಹಾಕಿವೆ. ಲೆಕ್ಕ ನೋಡಿ: 100 ಮಿಲಿ ಶೇ 1ರ ದ್ರಾವಣದಲ್ಲಿ ಇರುವುದು ಒಂದೇ ಗ್ರಾಂ ಆಸಿಡ್. ಒಂದು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಅಷ್ಟನ್ನೂ ಸಾಯಿಸುತ್ತದೆ. 10 ಗ್ರಾಂ ನಾರಿನ ಜೊತೆ ಅರ್ಧ ಗ್ರಾಂ ಸುಣ್ಣದಂಶದ ಮಣ್ಣು ಬಂದರೂ ನಿಮ್ಮ ಶೇ 1 ಅನ್ನುವುದು ಶೇ ಅರ್ಧ ಆಗಿಬಿಡುತ್ತದೆ. ಮದ್ದು ಸುಲಭ. ನಾರನ್ನು ಮೊದಲು ಬರೀ ನೀರಿನಲ್ಲಿ ತೊಳೆದು ಒಣಗಿಸಿ. ಆಗಲೂ ಪಿಎಚ್ ಏರಿದರೆ ಆ ಕೊರತೆಯಷ್ಟೇ ಆಸಿಡ್ ಸೇರಿಸಿ, ಕಣ್ಣಂದಾಜಿನಲ್ಲಿ ಬೇಡ.

ತೇವವನ್ನೂ ಮರೆಯಬೇಡಿ. 100 ಗ್ರಾಂ ಅಂತ ತೂಗಿದ ನಾರಿನಲ್ಲಿ ಅರ್ಧ ನೀರಿದ್ದರೆ ನಿಮ್ಮ ಹತ್ತಿರ ಇರುವುದು 50 ಗ್ರಾಂ ನಾರು. ಸಕ್ಕರೆ ಅರ್ಧ ಬಂತು ಅಂತ ಕೊರಗುವುದಕ್ಕೆ ಅರ್ಥವೇ ಇಲ್ಲ, ಅಲ್ವಾ? ಅದೇ ನೀರು ಆಸಿಡ್ ಅನ್ನೂ ತೆಳು ಮಾಡಿರುತ್ತದೆ. ಪ್ರತಿ ಸಲ ಒಂದು ಚಿಟಿಕೆ ತೆಗೆದು ಒಣ ತೂಕ ನೋಡಿಯೇ ಮುಂದುವರಿಯಿರಿ.

ಈಗ ಆಸಿಡ್ ಅಳತೆ. ಅಂಗಡಿಯಿಂದ ಬರುವ ಶೇ 98ರ ಆಸಿಡ್ ಬಲು ಭಾರ, ಒಂದು ಮಿಲಿಗೆ 1.84 ಗ್ರಾಂ. ಲೀಟರಿಗೆ ಶೇ 1 ಬೇಕಾದರೆ ಸುಮಾರು 5.5 ಮಿಲಿ ಸಾಕು. 10 ಗ್ರಾಂ ಅನ್ನುವುದನ್ನು 10 ಮಿಲಿ ಅಂತ ತಿಳಿದು ಹಾಕಿದರೆ ಶೇ 1.8 ಆಗುತ್ತದೆ, ಹೆಚ್ಚುಕಡಿಮೆ ಎರಡರಷ್ಟು. ನಮ್ಮಲ್ಲಿ ಒಬ್ಬರು ಒಂದು ತಿಂಗಳು ಮಿಲಿಯಲ್ಲಿ ಅಳೆದರು, ಇನ್ನೊಬ್ಬರು ತಕ್ಕಡಿಯಲ್ಲಿ ಅಳೆದರು, ಇಬ್ಬರ ನೋಟ್‌ಬುಕ್‌ನಲ್ಲೂ ಶೇ 1 ಅಂತಲೇ ಇತ್ತು. ಫಲಿತಾಂಶ ಹೊಂದದೆ ಇದ್ದಾಗ ಕೂತು ಮಾತಾಡಿದ ಮೇಲೆ ಗೊತ್ತಾಯಿತು. ಬಾಟಲಿಯ ಮೇಲೆ ಗ್ರಾಂನಲ್ಲಿ ಬರೆಯಿರಿ, ಮಿಲಿಯಲ್ಲೂ ಬರೆಯಿರಿ.

ಇಷ್ಟೂ ಸರಿ ಇದ್ದರೆ ನಾರಿನ ಗಾತ್ರ ನೋಡಿ. ದಪ್ಪ ಚೂರಿನ ಒಳಗೆ ಗಾಳಿ ಕೂತಿರುತ್ತದೆ, ಆಸಿಡ್ ಒಳಗೆ ಇಳಿಯುವುದಿಲ್ಲ. ಒಂದು ಚೂರನ್ನು ಬ್ಲೇಡ್‌ನಲ್ಲಿ ಸೀಳಿ ನೋಡಿ: ಹೊರಗೆ ಕಂದು, ಒಳಗೆ ಹಸಿ ಬಿಳುಪು ಇದ್ದರೆ ಅದೇ ತೊಂದರೆ. ಒಂದು ಮಿಲಿಮೀಟರ್ ಆಸುಪಾಸಿಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಬಿಸಿ ಮಾಡುವ ಮೊದಲು ಕೆಲವು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ನೆನೆಯಲು ಬಿಡಿ. ಮುಳುಗುವ ತನಕ ಕಾಯುವುದು ಒಳ್ಳೆಯದು. ತೇಲುತ್ತಿರುವ ಚೂರಿನ ಒಳಗೆ ಇನ್ನೂ ಗಾಳಿ ಇದೆ ಅಂತಲೇ ಅರ್ಥ.

ಕೊನೆಗೆ ಬಿಸಿ. ಆಟೋಕ್ಲೇವ್‌ನ ಮುಖದಲ್ಲಿ 121 ಡಿಗ್ರಿ ಅಂತ ತೋರಿಸಿದ ಕ್ಷಣಕ್ಕೆ ಫ್ಲಾಸ್ಕಿನ ನಡುವೆ 121 ಇರುವುದಿಲ್ಲ. ಪಾತ್ರೆ ದೊಡ್ಡದಾದಷ್ಟೂ, ಗಂಜಿಯಂತೆ ಗಟ್ಟಿಯಾದಷ್ಟೂ ಒಳಗೆ ಬಿಸಿ ತಲುಪುವುದು ತಡ. ಒಂದು ಲೀಟರ್ ಫ್ಲಾಸ್ಕಿನಲ್ಲಿ ಮುಕ್ಕಾಲು ತುಂಬಿಸಿ ಅರ್ಧ ಗಂಟೆ ಬೇಯಿಸಿದರೆ ನಡುವಿನ ಭಾಗಕ್ಕೆ ಅಷ್ಟು ಹೊತ್ತು ಸಿಕ್ಕಿರುವುದೇ ಇಲ್ಲ. ಒಳಗೆ ಪ್ರೋಬ್ ಇಡುವ ಅನುಕೂಲ ಇದ್ದರೆ ಇಡಿ. ಇಲ್ಲದಿದ್ದರೆ ಚಿಕ್ಕ ಬಾಟಲಿಗಳಲ್ಲಿ ಹಂಚಿ ಬೇಯಿಸಿ.

## ದ್ರಾವಣ ಕಪ್ಪು ಡಿಕಾಕ್ಷನ್ ಥರ, ಕಹಿ ಬಾದಾಮಿ ವಾಸನೆ, ಸಕ್ಕರೆ ಕಡಿಮೆ

ಇಲ್ಲಿ ಸಕ್ಕರೆ ಬಂದಿತ್ತು. ನಾವೇ ಸುಟ್ಟೆವು.

ಝೈಲೋಸ್ ಆಸಿಡ್‌ನಲ್ಲಿ ಬಿಸಿಯಾಗುತ್ತಾ ಹೋದರೆ ಮೂರು ನೀರಿನ ಅಣು ಕಳೆದುಕೊಂಡು ಫರ್ಫ್ಯೂರಲ್ ಆಗುತ್ತದೆ. ಆ ಬಾದಾಮಿಯಂಥ ವಾಸನೆ ಅದರದ್ದೇ. ಗ್ಲೂಕೋಸ್ ಹಾಗೇ ಎಚ್‌ಎಂಎಫ್ (ಹೈಡ್ರಾಕ್ಸಿಮೀಥೈಲ್ ಫರ್ಫ್ಯೂರಲ್) ಆಗಿ, ಇನ್ನೂ ಮುಂದೆ ಹೋದರೆ ಲೆವುಲಿನಿಕ್ ಮತ್ತು ಫಾರ್ಮಿಕ್ ಆಸಿಡ್ ಆಗುತ್ತದೆ. ಇವೆಲ್ಲ ಒಂದಕ್ಕೊಂದು ಅಂಟಿಕೊಂಡು ಗಾಜಿನ ಗೋಡೆಗೆ ಹಿಡಿಯುವ ಕಪ್ಪು ಅಂಟಿಗೆ ಹ್ಯೂಮಿನ್ ಅನ್ನುತ್ತಾರೆ. ಫ್ಲಾಸ್ಕ್ ತೊಳೆಯುವಾಗ ಕೆರೆದರೂ ಬಿಡದ ಕರಿ ಉಂಗುರ ಕಂಡರೆ ಅದೇ. ವಾಸನೆ ಹಿಡಿಯಲು ಮೂಗನ್ನು ಬಾಯಿಗೇ ಇಡಬೇಡಿ, ಫರ್ಫ್ಯೂರಲ್ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಆವಿಯನ್ನು ಹೊರಗೆ ಎಳೆಯುವ ಹುಡ್ ಒಳಗೆ ಕೈಯಿಂದ ಗಾಳಿ ಬೀಸಿಕೊಂಡು ತಿಳಿದರೆ ಸಾಕು.

ಬಣ್ಣ ಒಂದನ್ನೇ ನಂಬಬೇಡಿ. ಕೆಲವು ತೊಗಟೆಗಳಲ್ಲಿ ಟ್ಯಾನಿನ್ ಜಾಸ್ತಿ, ಬೇಯಿಸದೇ ಇದ್ದರೂ ನೀರು ಕಪ್ಪಾಗುತ್ತದೆ. ಖಾತ್ರಿ ಮಾಡಿಕೊಳ್ಳಲು ಒಳ್ಳೆಯ ಉಪಾಯ ಒಂದಿದೆ. ನಾರು ಇಲ್ಲದ ಒಂದು ಫ್ಲಾಸ್ಕಿಗೆ ಗೊತ್ತಿರುವಷ್ಟು ಶುದ್ಧ ಗ್ಲೂಕೋಸ್ ಮತ್ತು ಝೈಲೋಸ್ ಹಾಕಿ, ಅದೇ ಆಸಿಡ್, ಅದೇ ಬಿಸಿ, ಅಷ್ಟೇ ಹೊತ್ತು, ನಾರಿನ ಫ್ಲಾಸ್ಕಿನ ಪಕ್ಕದಲ್ಲೇ ಇಡಿ. ಕೊನೆಗೆ ಅದರಲ್ಲಿ ಎಷ್ಟು ಉಳಿಯಿತು ನೋಡಿ. ನೂರಕ್ಕೆ ತೊಂಬತ್ತೈದು ಉಳಿದಿದ್ದರೆ ಬಿಸಿ ಸುಟ್ಟಿಲ್ಲ, ಬೇರೆ ಕಡೆ ಹುಡುಕಿ. ಅರವತ್ತು ಉಳಿದಿದ್ದರೆ ನಾರಿನ ಫ್ಲಾಸ್ಕಿನಲ್ಲೂ ಅಂಥದ್ದೇ ನಡೆದಿದೆ. ಈ ಒಂದು ಫ್ಲಾಸ್ಕ್ ಇಡದೇ ನಾನು ಈಗ ಯಾವ ಬ್ಯಾಚನ್ನೂ ಬೇಯಿಸುವುದಿಲ್ಲ.

ಸುಟ್ಟಿದೆ ಅಂತ ಖಾತ್ರಿಯಾದರೆ ಮೊದಲು ಹೊತ್ತು ಕಡಿಮೆ ಮಾಡಿ, ಆಮೇಲೆ ಬಿಸಿ. ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅಂತ ಒರಟು ಲೆಕ್ಕ ಇಟ್ಟುಕೊಳ್ಳಿ. ಬೇಯಿಸಿ ಮುಗಿದ ಮೇಲೆ ಆಟೋಕ್ಲೇವ್‌ನಲ್ಲೇ ಗಂಟೆಗಟ್ಟಲೆ ಬಿಟ್ಟು ತಣಿಸುವುದು ಕೂಡ ಬೇಯಿಸಿದ್ದೇ. ಒತ್ತಡ ಪೂರ್ತಿ ಇಳಿದ ಮೇಲೆ ತೆಗೆದು ತಣ್ಣೀರಿನಲ್ಲಿ ನಿಲ್ಲಿಸಿ. ಗಾಜು ಬಿರಿಯದ ಹಾಗೆ ಮೊದಲು ಬೆಚ್ಚಗಿನ ನೀರು, ಆಮೇಲೆ ತಣ್ಣೀರು. ಅವಸರಕ್ಕೆ ಒತ್ತಡ ಇರುವಾಗ ಮುಚ್ಚಳ ತೆಗೆಯಲೇಬೇಡಿ. ಕುದಿ ಬಿಂದುವಿಗಿಂತ ಬಿಸಿಯಾದ ಆಸಿಡ್ ಒಂದೇ ಸಲ ಉಕ್ಕಿ ಮುಖಕ್ಕೆ ಬರುತ್ತದೆ.

## ಝೈಲೋಸ್ ಚೆನ್ನಾಗಿ ಬಂತು, ಗ್ಲೂಕೋಸ್ ಬರಲೇ ಇಲ್ಲ

ಇದು ದೋಷವೇ ಅಲ್ಲ. 121 ಡಿಗ್ರಿ, ಶೇ 1ರ ಆಸಿಡ್, ಒಂದು ಗಂಟೆ – ಈ ಬಿಸಿಗೆ ಹೆಮಿಸೆಲ್ಯುಲೋಸ್‌ನ ಬಹುಪಾಲು ಕರಗುತ್ತದೆ, ಸೆಲ್ಯುಲೋಸ್ ಹೆಚ್ಚುಕಡಿಮೆ ಹಾಗೇ ಕೂತಿರುತ್ತದೆ. ತೆಳು ಆಸಿಡ್‌ನಲ್ಲಿ ಸೆಲ್ಯುಲೋಸ್ ಒಡೆಯಲು 180 ಡಿಗ್ರಿಯಿಂದ ಮೇಲೆ ಬೇಕು. ಸಾಮಾನ್ಯ ಆಟೋಕ್ಲೇವ್ ಅಲ್ಲಿಗೆ ಹೋಗುವುದೇ ಇಲ್ಲ.

ಹೋದರೂ ಪೂರ್ತಿ ಸಿಗುವುದಿಲ್ಲ. ಅಮೆರಿಕದ ಮ್ಯಾಡಿಸನ್‌ನಲ್ಲಿ ಸೇಮನ್ ಅನ್ನುವವರು 1945ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದರು: ಸೆಲ್ಯುಲೋಸ್ ಗ್ಲೂಕೋಸ್ ಆಗುವುದೂ, ಗ್ಲೂಕೋಸ್ ಕೆಡುವುದೂ ಒಂದರ ಹಿಂದೆ ಒಂದು ನಡೆಯುತ್ತವೆ. ಬಿಸಿ ಏರಿದಷ್ಟೂ ಮೊದಲನೆಯದರ ವೇಗ ಎರಡನೆಯದಕ್ಕಿಂತ ಜಾಸ್ತಿ ಏರುತ್ತದೆ. ಆದ್ದರಿಂದ ಸೆಲ್ಯುಲೋಸ್‌ಗೆ ಸಣ್ಣ ಬಿಸಿಯಲ್ಲಿ ದೀರ್ಘ ಹೊತ್ತಿಗಿಂತ ದೊಡ್ಡ ಬಿಸಿಯಲ್ಲಿ ಚುಟುಕು ಹೊತ್ತೇ ಲೇಸು. ಆದರೂ ತೆಳು ಆಸಿಡ್‌ನಲ್ಲಿ ಒಂದೇ ಸಲಕ್ಕೆ ಸಿಗುವ ಗ್ಲೂಕೋಸ್ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತದೆ. ಜರ್ಮನಿಯ ಶೋಲರ್ ವಿಧಾನದಲ್ಲಿ ಬಿಸಿ ಆಸಿಡ್ ಅನ್ನು ಮರದ ಚೂರುಗಳ ಮೂಲಕ ಹರಿಸುತ್ತಾ ಹುಟ್ಟಿದ ಸಕ್ಕರೆಯನ್ನು ಆಗಿಂದಾಗಲೇ ಹೊರಗೆ ಎಳೆಯುತ್ತಿದ್ದದ್ದು ಇದೇ ಕಾರಣಕ್ಕೆ.

ನಿಮಗೆ ಗ್ಲೂಕೋಸ್ ಬೇಕೇಬೇಕು ಅಂದರೆ ಎರಡು ಹಂತ ಮಾಡಿ. ಮೊದಲು ಹದ ಬಿಸಿಯಲ್ಲಿ ಝೈಲೋಸ್ ತೆಗೆದು ಪಕ್ಕಕ್ಕಿಡಿ, ಉಳಿದ ಚರಟಕ್ಕೆ ಬಿರುಸು ಹಂತ ಅಥವಾ ಕಿಣ್ವ. ಒಂದೇ ಪಾತ್ರೆಯಲ್ಲಿ ಎರಡೂ ಬೇಕು ಅಂತ ಹಟ ಹಿಡಿದರೆ ಝೈಲೋಸ್ ಅಷ್ಟೂ ಫರ್ಫ್ಯೂರಲ್ ಆಗುತ್ತದೆ.

ಇದರ ಉಲ್ಟಾ ಲಕ್ಷಣವೂ ಉಂಟು: ಹತ್ತೇ ನಿಮಿಷಕ್ಕೆ ಗ್ಲೂಕೋಸ್ ರಾಶಿ ಬಂತು. ಖುಷಿಪಡುವ ಮೊದಲು ಕಚ್ಚಾ ಪುಡಿಗೆ ಒಂದು ಹನಿ ಅಯೋಡಿನ್ ಹಾಕಿ. ಕಡು ನೀಲಿ ಬಂದರೆ ಅದು ಪಿಷ್ಟದ ಗ್ಲೂಕೋಸ್, ಸೆಲ್ಯುಲೋಸ್‌ನದ್ದಲ್ಲ. ಕಾಳಿನ ಹೊಟ್ಟು, ಗೆಡ್ಡೆಯ ಸಿಪ್ಪೆ ಇಂಥದ್ದರಲ್ಲಿ ಹೀಗಾಗುತ್ತದೆ.

## ನಾರು ಕರಗಿದೆ, ಬಣ್ಣ ಹದವಾಗಿದೆ, ಆದರೂ ಅಂಕಿ ಬರುತ್ತಿಲ್ಲ

ಈಗ ಮೂರನೇ ದಾರಿ. ಚರಟ ತೂಗಿದರೆ ಮೂರನೇ ಒಂದು ಭಾಗ ಕರಗಿಹೋಗಿದೆ, ಸುಟ್ಟ ವಾಸನೆ ಇಲ್ಲ, ಪಕ್ಕದ ಸಕ್ಕರೆ ಫ್ಲಾಸ್ಕೂ ಚೆನ್ನಾಗಿದೆ. ಹಾಗಾದರೆ ಸಕ್ಕರೆ ದ್ರಾವಣದಲ್ಲಿ ಇರಲೇಬೇಕು.

ಡಿಎನ್‌ಎಸ್ ವಿಧಾನ (ಸಕ್ಕರೆ ಜೊತೆ ಸೇರಿ ಬಣ್ಣ ಬದಲಿಸುವ ರೀಜೆಂಟ್‌ನಿಂದ ಅಳೆಯುವುದು) ಬಳಸುವವರು ಮೊದಲು ಸ್ಯಾಂಪಲ್‌ನ ಪಿಎಚ್ ನೋಡಿ. ಆ ರೀಜೆಂಟ್ ಕೆಲಸ ಮಾಡುವುದು ಕ್ಷಾರದಲ್ಲಿ. ಶೇ 4ರ ಆಸಿಡ್ ಇರುವ ಸ್ಯಾಂಪಲ್ ಅನ್ನು ನೇರವಾಗಿ ಹಾಕಿದರೆ ಅದರಲ್ಲಿರುವ ಕ್ಷಾರವನ್ನೇ ಆಸಿಡ್ ನುಂಗುತ್ತದೆ, ಕೆಂಗಂದು ಬಣ್ಣ ಬರಬೇಕಾದ ಕೊಳವೆ ಹಳದಿಯಾಗಿಯೇ ನಿಲ್ಲುತ್ತದೆ. ಸಕ್ಕರೆ ಇಲ್ಲ ಅಂತ ಬರೆದುಕೊಳ್ಳುತ್ತೀರಿ. ಬಣ್ಣ ನೋಡಿಯೇ ಸಕ್ಕರೆ ತಿಳಿಯುವ ಬೆನಡಿಕ್ಟ್ ಪರೀಕ್ಷೆಗೂ ಇದೇ ಮಾತು. ಸ್ಯಾಂಪಲ್ ಅನ್ನು ಪಿಎಚ್ 6–7ಕ್ಕೆ ತಂದು ಮತ್ತೆ ನೋಡಿ. ಅನುಮಾನ ಉಳಿದರೆ ಅದೇ ಸ್ಯಾಂಪಲ್‌ಗೆ ಗೊತ್ತಿರುವಷ್ಟು ಗ್ಲೂಕೋಸ್ ಸೇರಿಸಿ ಅಳೆಯಿರಿ. ಸೇರಿಸಿದಷ್ಟು ಅಂಕಿ ಏರದಿದ್ದರೆ ತಪ್ಪು ನಿಮ್ಮ ಹೈಡ್ರಾಲಿಸಿಸ್‌ನಲ್ಲಿ (ಆಸಿಡ್ ಹಾಕಿ ನಾರು ಒಡೆಯುವುದರಲ್ಲಿ) ಅಲ್ಲ, ಅಳತೆಯಲ್ಲಿ.

ದ್ರಾವಣದಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ನೋಡುವ ರಿಫ್ರಾಕ್ಟೋಮೀಟರ್‌ನ ಬ್ರಿಕ್ಸ್ ಅಂಕಿಯನ್ನು ಇಲ್ಲಿ ಸಕ್ಕರೆ ಅಂತ ಓದಲೇಬೇಡಿ. ಆಸಿಡ್, ಉಪ್ಪು, ಕರಗಿದ ಲಿಗ್ನಿನ್ ಎಲ್ಲವನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಗ್ಲೂಕೋಸ್ ಸ್ಟ್ರಿಪ್ ರಕ್ತಕ್ಕೆ ಮಾಡಿದ್ದು. ಆಸಿಡ್ ನೀರಿನಲ್ಲಿ ಅದು ಹೇಳುವುದಕ್ಕೆ ಬೆಲೆ ಇಲ್ಲ.

ಇನ್ನೊಂದು ಸಾಧ್ಯತೆ ಜಾಸ್ತಿ ಸ್ವಾರಸ್ಯದ್ದು. ಹೆಮಿಸೆಲ್ಯುಲೋಸ್ ಸರಪಳಿ ಒಮ್ಮೆಗೇ ಒಂಟಿ ಒಂಟಿ ಝೈಲೋಸ್ ಆಗುವುದಿಲ್ಲ. ಮೊದಲು ನಾಲ್ಕೈದು ಕೊಂಡಿಯ ತುಂಡುಗಳಾಗಿ ನೀರಿಗೆ ಇಳಿಯುತ್ತದೆ. ನಾರಿನಿಂದ ಹೊರಗೆ ಬಂದಿದೆ, ಆದರೆ ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದ ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಝೈಲೋಸ್ ಪೀಕ್, ಅಂದರೆ ಗ್ರಾಫಿನ ಏರು, ಇರಬೇಕಾದ ಜಾಗದಲ್ಲಿ ಅದು ಕಾಣುವುದಿಲ್ಲ. ಇದನ್ನು ಹಿಡಿಯಲು ಶೋಧಿಸಿದ ದ್ರಾವಣದ ಒಂದು ಪಾಲನ್ನು ಬೇರೆ ತೆಗೆದು ಆಸಿಡ್ ಅನ್ನು ಶೇ 4ಕ್ಕೆ ಏರಿಸಿ 121 ಡಿಗ್ರಿಯಲ್ಲಿ ಇನ್ನೊಂದು ಗಂಟೆ ಬೇಯಿಸಿ. ಸಕ್ಕರೆ ಜಿಗಿದು ಮೇಲೆ ಹೋದರೆ ಅಷ್ಟೂ ತುಂಡುಗಳಾಗಿ ಅಡಗಿದ್ದವು, ಮೊದಲ ಬೇಯಿಸುವಿಕೆ ಕಡಿಮೆಯಾಗಿದೆ. ಏನೂ ಏರದಿದ್ದರೆ ಅಥವಾ ಇಳಿದರೆ ಅಡಗಿದ್ದು ಏನಿಲ್ಲ. ಬಿಸಿ ಏರಿಸಬೇಕೋ ಇಳಿಸಬೇಕೋ ಅಂತ ಗೊಂದಲ ಇದ್ದಾಗ ಇದಕ್ಕಿಂತ ನೇರ ಉತ್ತರ ಕೊಡುವ ಪರೀಕ್ಷೆ ನನಗೆ ಗೊತ್ತಿಲ್ಲ.

ಲೆಕ್ಕದ ತಪ್ಪೂ ಬಹಳ. ಕೊಂಡಿ ಒಡೆದಾಗ ಪ್ರತಿ ಕೊಂಡಿಗೂ ಒಂದು ನೀರು ಸೇರುತ್ತದೆ, ಆದ್ದರಿಂದ 1 ಗ್ರಾಂ ಸೆಲ್ಯುಲೋಸ್‌ಗೆ 1.11 ಗ್ರಾಂ ಗ್ಲೂಕೋಸ್, 1 ಗ್ರಾಂ ಝೈಲಾನ್‌ಗೆ 1.136 ಗ್ರಾಂ ಝೈಲೋಸ್. ಸಕ್ಕರೆಯಿಂದ ಹಿಂದಕ್ಕೆ ಹೋಗುವಾಗ 0.90 ಮತ್ತು 0.88ರಿಂದ ಗುಣಿಸಿ. ಹತ್ತಿ ಮುಚ್ಚಳದ ಫ್ಲಾಸ್ಕ್ ಆದರೆ ಬೇಯಿಸುವ ಮೊದಲೂ ಆಮೇಲೂ ತೂಗಿ, ಆವಿಯಾದಷ್ಟು ನೀರನ್ನು ಮತ್ತೆ ತುಂಬಿಸಿ. ಇಲ್ಲದಿದ್ದರೆ ದ್ರಾವಣ ಗಟ್ಟಿಯಾಗಿ ಸಕ್ಕರೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

## ಶೇ 72ರ ಆಸಿಡ್ ಪರೀಕ್ಷೆಯಲ್ಲಿ ಸಕ್ಕರೆ ಕಡಿಮೆ, ಲಿಗ್ನಿನ್ ಜಾಸ್ತಿ

ನಾರಿನಲ್ಲಿ ಒಟ್ಟು ಎಷ್ಟು ಸಕ್ಕರೆ ಇದೆ ಅಂತ ತಿಳಿಯಲು ಮಾಡುವ ಪರೀಕ್ಷೆ ಇದು. 300 ಮಿಲಿಗ್ರಾಂ ಪುಡಿಗೆ 3 ಮಿಲಿ ಶೇ 72ರ ಆಸಿಡ್, 30 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ 84 ಮಿಲಿ ನೀರು ಸೇರಿಸಿ ಶೇ 4ಕ್ಕೆ ಇಳಿಸಿ 121 ಡಿಗ್ರಿಯಲ್ಲಿ ಒಂದು ಗಂಟೆ. ಇಲ್ಲಿ ಮಾತ್ರ ಆಸಿಡ್ ಮೇಲೆ ನೀರು ಹಾಕುವುದು. ಪ್ರಮಾಣ ಪುಟ್ಟದು ಅಂತ ನಡೆಯುತ್ತದೆ, ಆದರೂ ಕೊಳವೆಯ ಬಾಯಿ ಮುಖದಿಂದ ದೂರ ಇರಲಿ, ನೀರು ನಿಧಾನವಾಗಿ ಬೀಳಲಿ.

ಇದು ಕೆಡುವುದು ಹೆಚ್ಚಾಗಿ ಮೊದಲ ಒಂದು ಗಂಟೆಯಲ್ಲಿ. ಆಸಿಡ್ ಬಿದ್ದ ಕೂಡಲೇ ಪುಡಿ ಕಪ್ಪು ಟಾರಿನ ಮುದ್ದೆಯಾಗುತ್ತದೆ, ಗಾಜಿನ ಕಡ್ಡಿಗೆ ಅಂಟಿಕೊಂಡು ಮೇಲೆ ಏರುತ್ತದೆ. ಹಾಗೇ ಬಿಟ್ಟರೆ ಮುದ್ದೆಯ ಒಳಗಿನ ಪುಡಿಗೆ ಆಸಿಡ್ ತಾಗುವುದೇ ಇಲ್ಲ. ಐದರಿಂದ ಹತ್ತು ನಿಮಿಷಕ್ಕೊಮ್ಮೆ ಗೋಡೆಗೆ ಒತ್ತಿ ಅರೆಯುವ ಹಾಗೆ ಕಲಕಿ, ಕಡ್ಡಿಯನ್ನು ಹೊರಗೆ ತೆಗೆಯಬೇಡಿ. ಕೊನೆಗೆ ಫಿಲ್ಟರ್ ಮೇಲೆ ಉಳಿದದ್ದನ್ನು ಭೂತಗನ್ನಡಿಯಲ್ಲಿ ನೋಡಿ. ಪೂರ್ತಿ ಕಡು ಕಂದು ಪುಡಿಯಾದರೆ ಅದು ಲಿಗ್ನಿನ್, ಜೊತೆಗೆ ಬೂದಿ. ನಡುನಡುವೆ ಬಿಳಿ ಎಳೆ ಮಿಂಚಿದರೆ ಸೆಲ್ಯುಲೋಸ್ ಒಡೆಯದೇ ಉಳಿದು ಲಿಗ್ನಿನ್ ಲೆಕ್ಕಕ್ಕೆ ಸೇರಿಕೊಂಡಿದೆ. ಸ್ಯಾಂಪಲ್‌ನಲ್ಲಿ ತೇವ ಶೇ 10ಕ್ಕಿಂತ ಜಾಸ್ತಿ ಇದ್ದರೂ ಹೀಗೇ ಆಗುತ್ತದೆ, ಆ ನೀರಿಗೆ ಶೇ 72 ಅನ್ನುವುದು ಕೆಳಗೆ ಇಳಿಯುತ್ತದೆ.

## ಸುಣ್ಣ ಹಾಕಿದ ಮೇಲೆ ತೊಂದರೆ

ಆಸಿಡ್ ಕಳೆಯಲು ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕುವಾಗ ನೊರೆ ಉಕ್ಕಿ ಹೊರಗೆ ಬಂದರೆ ಬೇಗ ಹಾಕಿದ್ದೀರಿ ಅಷ್ಟೇ. ಒಂದು ಲೀಟರ್ ಶೇ 1ರ ದ್ರಾವಣದಿಂದ ಎರಡು ಲೀಟರಿಗೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ನೊರೆ ನಿಂತಿತು ಅಂತ ಮುಚ್ಚಳ ಬಿಗಿದು ಕುಲುಕಿದರೆ ಬಾಟಲಿ ಸಿಡಿಯುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಚಿಟಿಕೆ ಚಿಟಿಕೆಯಾಗಿ ಹಾಕಿ.

ದ್ರಾವಣ ಹೊಂಬಣ್ಣದಿಂದ ಒಮ್ಮೆಗೇ ಕಡು ಕಂದಾದರೆ ಪಿಎಚ್ ಮೇಲಕ್ಕೆ ಹಾರಿದೆ. ಕ್ಷಾರದಲ್ಲಿ, ಅದರಲ್ಲೂ ಬಿಸಿಯಲ್ಲಿ, ಸಕ್ಕರೆ ಕೆಡುತ್ತದೆ. ಗ್ಲೂಕೋಸ್‌ನ ಒಂದಿಷ್ಟು ಫ್ರಕ್ಟೋಸ್ ಮತ್ತು ಮ್ಯಾನೋಸ್ ಆಗಿ ತಿರುಗುತ್ತದೆ, ಆಮೇಲೆ ನಿಮ್ಮ ಪೀಕ್‌ಗಳೆಲ್ಲ ಕಲಸುಮೇಲೋಗರ. ಕಾರ್ಬೊನೇಟ್ ಬಳಸಿದರೆ ಅತಿ ಮೇಲೆ ಹೋಗುವ ಭಯ ಕಡಿಮೆ. ಸೋಡಿಯಂ ಹೈಡ್ರಾಕ್ಸೈಡ್ ಆದರೆ ಕೊನೆಯ ಹನಿಗಳಲ್ಲಿ ಕೈ ತಡೆದು ಹಾಕಿ.

ತಿಳಿಯಾದ ದ್ರಾವಣದಲ್ಲಿ ಮರುದಿನ ಬಿಳಿ ಸೂಜಿಗಳು ಕಂಡರೆ ಅದು ಜಿಪ್ಸಂ. ಲೀಟರಿಗೆ ಸುಮಾರು 2 ಗ್ರಾಂ ಯಾವಾಗಲೂ ಕರಗಿಯೇ ಇರುತ್ತದೆ, ದ್ರಾವಣ ಗಟ್ಟಿ ಮಾಡಲು ಹೋದಾಗ ಪಾತ್ರೆಯ ತಳಕ್ಕೆ ಹೆಪ್ಪುಗಟ್ಟುತ್ತದೆ. ಎಚ್‌ಪಿಎಲ್‌ಸಿಗೆ ಹಾಕುವ ಮೊದಲು ಒಂದು ರಾತ್ರಿ ಫ್ರಿಜ್‌ನಲ್ಲಿ ಇಟ್ಟು ಸಣ್ಣ ಫಿಲ್ಟರ್‌ನಲ್ಲಿ ಶೋಧಿಸಿ. ಜಿಪ್ಸಂ ಗಸಿಯನ್ನು ಹಾಗೇ ಎಸೆಯಬೇಡಿ. ಅದು ಸ್ಪಂಜಿನ ಹಾಗೆ ಸಕ್ಕರೆ ನೀರು ಹಿಡಿದಿರುತ್ತದೆ. ಸ್ವಲ್ಪ ನೀರಿನಲ್ಲಿ ತೊಳೆದು ಆ ನೀರನ್ನೂ ಲೆಕ್ಕಕ್ಕೆ ಸೇರಿಸಿ.

## ಸಕ್ಕರೆ ಇದೆ, ಯೀಸ್ಟ್ ಏಳುತ್ತಿಲ್ಲ

ಮೊದಲು ಅದೇ ಯೀಸ್ಟನ್ನು ಶುದ್ಧ ಗ್ಲೂಕೋಸ್‌ನಲ್ಲಿ ಹಾಕಿ ನೋಡಿ, ಯೀಸ್ಟೇ ಸತ್ತಿರಬಹುದು. ಅಲ್ಲಿ ಎದ್ದರೆ ನಿಮ್ಮ ದ್ರಾವಣವನ್ನು ನೀರಿನಿಂದ ಅರ್ಧಕ್ಕೆ, ಕಾಲಿಗೆ ತೆಳು ಮಾಡಿ, ಅದೇ ಪೋಷಕ ಸೇರಿಸಿ ಮತ್ತೆ ಹಾಕಿ. ತೆಳುವಾದಂತೆ ಏಳತೊಡಗಿದರೆ ಒಳಗೆ ವಿಷ ಇದೆ: ಫರ್ಫ್ಯೂರಲ್, ಎಚ್‌ಎಂಎಫ್, ಅಸಿಟಿಕ್ ಆಸಿಡ್, ಲಿಗ್ನಿನ್ ಚೂರುಗಳು. ಅಸಿಟಿಕ್ ಆಸಿಡ್ ಪಿಎಚ್ ಕೆಳಗಿದ್ದಷ್ಟೂ ಜಾಸ್ತಿ ಕಾಡುತ್ತದೆ, ಹಾಗಾಗಿ 4.5 ಇದ್ದರೆ 5.5ಕ್ಕೆ ಏರಿಸಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಸುಣ್ಣದಿಂದ (ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಕಾರ್ಬೊನೇಟ್ ಅಲ್ಲ) ಪಿಎಚ್ 10ಕ್ಕೆ ಒಯ್ದು 50–60 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಶೋಧಿಸಿ, ಮತ್ತೆ 5.5ಕ್ಕೆ ತರುವ ವಿಧಾನ ಇದೆ. ಸಕ್ರಿಯ ಇದ್ದಿಲೂ ಆಗುತ್ತದೆ. ಎರಡರಲ್ಲೂ ಸ್ವಲ್ಪ ಸಕ್ಕರೆ ಕಳೆದುಹೋಗುತ್ತದೆ, ಆದ್ದರಿಂದ ವಿಷ ಹುಟ್ಟದ ಹಾಗೆ ಬೇಯಿಸುವುದೇ ನನಗೆ ಇಷ್ಟವಾದ ದಾರಿ.

ಎದ್ದು, ಅರ್ಧ ಸಕ್ಕರೆ ತಿಂದು ನಿಂತರೆ? ಸಾಮಾನ್ಯ ಬೇಕರಿ ಯೀಸ್ಟ್ ಝೈಲೋಸ್ ತಿನ್ನುವುದಿಲ್ಲ. ಉಳಿದ ಸಕ್ಕರೆ ಅದೇ. ಅದಕ್ಕೆ ಝೈಲೋಸ್ ಹುದುಗಿಸುವ ಬೇರೆ ಜಾತಿಯ ಯೀಸ್ಟ್ ಬೇಕು.

## ದ್ರಾವಣಕ್ಕೆ ಹಸಿರು ಛಾಯೆ

ಸ್ಟೀಲ್ ಪಾತ್ರೆ ಕರಗುತ್ತಿದೆ. ಬಿಸಿ ಸಲ್ಫ್ಯೂರಿಕ್ ಆಸಿಡ್ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ, ಕರಗಿದ ಕಬ್ಬಿಣ, ಕ್ರೋಮಿಯಂ ಸಕ್ಕರೆ ಕೆಡುವುದಕ್ಕೂ ಒತ್ತಾಸೆ ಕೊಡುತ್ತವೆ. ಇಲ್ಲಿ ಮಾಡಿ ನೋಡುವಂಥದ್ದು ಏನೂ ಇಲ್ಲ, ಅವತ್ತೇ ನಿಲ್ಲಿಸಿ. ಒತ್ತಡ ಹಿಡಿಯುವ ಪಾತ್ರೆಯ ಗೋಡೆ ತೆಳುವಾಗಿದೆ ಅಂದರೆ ಅದು ಒಡೆಯುವ ದಿನ ಯಾವುದು ಅಂತ ಯಾರಿಗೂ ಹೇಳಲು ಬರುವುದಿಲ್ಲ. ಬೊರೋಸಿಲಿಕೇಟ್ ಗಾಜು ಅಥವಾ ಟೆಫ್ಲಾನ್ ಒಳಪದರಕ್ಕೆ ಬದಲಾಯಿಸಿ. ಗಾಜಿನ ಫ್ಲಾಸ್ಕನ್ನು ಕೂಡ ಆಟೋಕ್ಲೇವ್‌ನಲ್ಲಿ ಒಂದು ಟ್ರೇ ಒಳಗೆ ಇಡಿ, ಉಕ್ಕಿದ ಆಸಿಡ್ ಆಟೋಕ್ಲೇವ್‌ನ ತಳಕ್ಕೆ ಬೀಳಬಾರದು.

## ಯಾವಾಗ ಕೈ ಬಿಟ್ಟು ಬೇರೆಯವರನ್ನು ಕರೆಯಬೇಕು

ಒತ್ತಡದ ಮುಳ್ಳು ಸೊನ್ನೆಗೆ ಬಾರದೇ ನಿಂತರೆ, ಗ್ಯಾಸ್ಕೆಟ್‌ನಿಂದ ಆಸಿಡ್ ಆವಿ ಬಂದರೆ, ಗಾಜಿನಲ್ಲಿ ಸಣ್ಣ ನಕ್ಷತ್ರದಂಥ ಬಿರುಕು ಕಂಡರೆ ನೀವು ರಿಪೇರಿಗೆ ಕೈ ಹಾಕಬೇಡಿ, ಉಪಕರಣ ನೋಡಿಕೊಳ್ಳುವವರನ್ನು ಕರೆಯಿರಿ. ತಲೆ ಸುತ್ತು, ಗಂಟಲು ಉರಿ ಬಂದರೆ ಹೊರಗೆ ಗಾಳಿಗೆ ಹೋಗಿ, ಕಡಿಮೆಯಾಗದಿದ್ದರೆ ವೈದ್ಯರ ಹತ್ತಿರ. 140 ಡಿಗ್ರಿ ದಾಟಿದ ಬಿಸಿ ಅಥವಾ ಲೀಟರ್‌ಗಟ್ಟಲೆ ಗಟ್ಟಿ ಆಸಿಡ್ ಬೇಕಾಗುವ ಕೆಲಸವನ್ನು ಅದಕ್ಕೆಂದೇ ಮಾಡಿದ ರಿಯಾಕ್ಟರ್ ಮತ್ತು ಅದನ್ನು ನಡೆಸಿ ಗೊತ್ತಿರುವವರು ಇಲ್ಲದೇ ಶುರು ಮಾಡಬೇಡಿ.

ಇಷ್ಟೆಲ್ಲ ನೋಡಿಯೂ ಸಕ್ಕರೆ ಎಲ್ಲಿ ಹೋಯಿತು ಅಂತ ತಿಳಿಯದಿದ್ದರೆ ಗೊತ್ತಿರುವವರನ್ನು ಕೇಳಿ. ಕೇಳುವಾಗ ಬರೀ ಸಕ್ಕರೆ ಬರಲಿಲ್ಲ ಅನ್ನಬೇಡಿ. ನಾರಿನ ಒಣ ತೂಕ, ನಾರು ಹಾಕಿದ ಮೇಲಿನ ಪಿಎಚ್, ಒಳಗಿನ ಬಿಸಿ ಮತ್ತು ಹೊತ್ತು, ಚರಟದ ತೂಕ, ಪಕ್ಕದ ಸಕ್ಕರೆ ಫ್ಲಾಸ್ಕಿನಲ್ಲಿ ಉಳಿದದ್ದು, ಶೇ 4ರಲ್ಲಿ ಮತ್ತೆ ಬೇಯಿಸಿದಾಗ ಬಂದದ್ದು – ಈ ಆರು ಅಂಕಿ ಒಂದು ಚೀಟಿಯಲ್ಲಿ ಬರೆದು ಕೊಡಿ.